ಬಲ್ಬ್ ಬದಲಿಸುವ ಮೊದಲು ಅರ್ತ್ ನೋಡಿ

ಮಾನ್ಯ ಸಂಪಾದಕರೇ,

ರಾತ್ರಿ ಹೊತ್ತು ಕಬ್ಬಿನ ಟ್ರಾಲಿಗೆ ಹಿಂದಿನಿಂದ ಬೈಕ್ ಗುದ್ದಿದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಕಬ್ಬು ಅರೆಯುವ ಕಾಲ ಬಂತೆಂದರೆ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಓದುತ್ತೇವೆ, ಅಯ್ಯೋ ಅನ್ನುತ್ತೇವೆ, ಪುಟ ತಿರುಗಿಸುತ್ತೇವೆ. ಈ ಸಲ ನನಗೆ ಹಾಗೆ ತಿರುಗಿಸಲು ಆಗಲಿಲ್ಲ. ಟ್ರಾಲಿಗೆ ಹಿಂಬದಿ ದೀಪ ಇತ್ತು, ಆದರೆ ಉರಿಯುತ್ತಿರಲಿಲ್ಲ ಅಂತ ಸುದ್ದಿಯ ಕೊನೆಯಲ್ಲಿ ಒಂದು ಸಾಲು ಇತ್ತು. ಇದೆ, ಆದರೆ ಕೆಲಸ ಮಾಡುವುದಿಲ್ಲ ಅನ್ನುವ ಆ ಸ್ಥಿತಿ ಎಂಥದ್ದು ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಈ ಪತ್ರ, ಅರ್ತ್ ಬಗ್ಗೆ, ಅಂದರೆ ದೀಪಕ್ಕೋ ಬ್ರೇಕಿಗೋ ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿಯ ಬಗ್ಗೆ. ಸ್ವಲ್ಪ ಉದ್ದವಾಗುತ್ತದೆ, ಜಾಗ ಇದ್ದರೆ ದಯವಿಟ್ಟು ಪೂರ್ತಿ ಹಾಕಿ.

ನಾನು ಮದ್ದೂರು ಕಡೆಯವನು. ಹದಿನಾಲ್ಕು ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿ, ಆಸ್ಟಿನ್ ಊರಿನ ಹೊರಗೆ ಇದ್ದೇನೆ. ಮನೆ ಹಿಂದೆ ಒಂದಿಷ್ಟು ಜಮೀನಿದೆ, ತರಕಾರಿ ಬೆಳೆಯುತ್ತೇವೆ. ಗೊಬ್ಬರ, ಮಣ್ಣು, ಹುಲ್ಲಿನ ಪಿಂಡಿ ಸಾಗಿಸಲು ಒಂದು ಪಿಕಪ್ ಟ್ರಕ್ ಇಟ್ಟುಕೊಂಡಿದ್ದೇನೆ, ಅದರ ಹಿಂದಕ್ಕೆ ಕಟ್ಟಲು 16 ಅಡಿಯ ಟ್ರೇಲರ್ ಇದೆ. ರಾಜ್ಯೋತ್ಸವ ಬಂದರೆ ಇಲ್ಲಿನ ಕನ್ನಡದವರ ಕಾರ್ಯಕ್ರಮಕ್ಕೆ ವೇದಿಕೆಯ ಹಲಗೆ, ಅಡುಗೆಯ ದೊಡ್ಡ ಪಾತ್ರೆ ಎಲ್ಲ ಅದರಲ್ಲೇ ಹೋಗುತ್ತವೆ. ನಮ್ಮ ಕಡೆ ಪಿಕಪ್ ಅಂದರೆ ಟೊಮೆಟೊ ಕ್ರೇಟ್ ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗುವ ಗಾಡಿ ಕಣ್ಣಿಗೆ ಬರುತ್ತದೆ. ಇಲ್ಲಿನದು ಅದಕ್ಕಿಂತ ದೊಡ್ಡದು, ಮೂರೂವರೆ ನಾಲ್ಕು ಟನ್ ಎಳೆಯುವ ಗಾಡಿ ಇಲ್ಲಿ ಮನೆಮನೆಯಲ್ಲೂ ಇರುತ್ತದೆ.

ಇಲ್ಲಿನ ಟ್ರೇಲರ್‌ಗೂ ನಮ್ಮೂರ ಟ್ರಾಲಿಗೂ ಇರುವ ದೊಡ್ಡ ವ್ಯತ್ಯಾಸ ಬ್ರೇಕು. ಇಲ್ಲಿ ಒಂದು ಮಿತಿಗಿಂತ ಜಾಸ್ತಿ ತೂಕದ ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರಲೇಬೇಕು. ಹಲವು ರಾಜ್ಯಗಳಲ್ಲಿ ಆ ಮಿತಿ 3,000 ಪೌಂಡ್, ಅಂದರೆ ಸುಮಾರು 1,360 ಕಿಲೋ. ಟೆಕ್ಸಾಸ್‌ನಲ್ಲಿ 4,500 ಪೌಂಡ್. ನನ್ನ ಟ್ರೇಲರ್‌ನ ನಾಲ್ಕೂ ಚಕ್ರದ ಡ್ರಮ್ಮಿನೊಳಗೆ ಕರೆಂಟಿನಿಂದ ಕೆಲಸ ಮಾಡುವ ಒಂದೊಂದು ಅಯಸ್ಕಾಂತ ಇದೆ. ಡ್ರೈವರ್ ಬ್ರೇಕ್ ಒತ್ತಿದಾಗ ಡ್ಯಾಶ್‌ಬೋರ್ಡ್ ಕೆಳಗಿರುವ ಒಂದು ಸಣ್ಣ ಪೆಟ್ಟಿಗೆ ಆ ಅಯಸ್ಕಾಂತಕ್ಕೆ ಎಷ್ಟು ಬೇಕೋ ಅಷ್ಟು ಕರೆಂಟ್ ಬಿಡುತ್ತದೆ. ಆ ಪೆಟ್ಟಿಗೆಗೆ ಬ್ರೇಕ್ ಕಂಟ್ರೋಲರ್ ಅನ್ನುತ್ತಾರೆ. ಅಯಸ್ಕಾಂತ ತಿರುಗುವ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ, ಅದರ ತೋಳು ಬ್ರೇಕ್ ಶೂವನ್ನು ತಳ್ಳುತ್ತದೆ, ಚಕ್ರ ನಿಲ್ಲುತ್ತದೆ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಇಳಿಜಾರಿನಲ್ಲಿ ತುಂಬಿದ ಗಾಡಿ ಎತ್ತಿನ ಮೇಲೇ ಬರುತ್ತದೆ ಅಲ್ವಾ, ಇಲ್ಲೂ ಅದೇ. ಟ್ರೇಲರ್ ತನ್ನ ಭಾರ ತಾನೇ ಹಿಡಿದುಕೊಳ್ಳದಿದ್ದರೆ ಮುಂದಿನ ಗಾಡಿಯನ್ನು ತಳ್ಳಿಕೊಂಡು ಹೋಗುತ್ತದೆ.

ನನ್ನನ್ನು ತಳ್ಳಿಕೊಂಡು ಹೋಯಿತು. ಕಳೆದ ವರ್ಷ, ಮೂರು ಟನ್ನಿನಷ್ಟು ಗೊಬ್ಬರ ಮಣ್ಣು ತುಂಬಿಕೊಂಡು ಬರುತ್ತಿದ್ದೆ. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಗಳು. ಆಸ್ಟಿನ್ ಪಶ್ಚಿಮಕ್ಕೆ ಪೂರ್ತಿ ಗುಡ್ಡದ ಸೀಮೆ, ರಸ್ತೆ ಏರಿ ಏರಿ ಇಳಿಯುತ್ತದೆ. ಇಳಿಜಾರಿನ ತುದಿಯಲ್ಲಿ ಸಿಗ್ನಲ್ ಕೆಂಪಾಯಿತು. ಬ್ರೇಕ್ ಒತ್ತಿದೆ. ದಿನಾ ಹಿಂದಿನಿಂದ ಯಾರೋ ಜಗ್ಗಿ ಹಿಡಿದ ಹಾಗೆ ಆಗುತ್ತಿತ್ತು, ಅವತ್ತು ಅದು ಇಲ್ಲ. ಗಾಡಿ ನಿಧಾನ ಆಗುತ್ತಲೇ ಇಲ್ಲ. ಪೆಡಲ್ ಪೂರ್ತಿ ತುಳಿದೆ, ಗೆರೆ ದಾಟಿ, ಅಡ್ಡ ರಸ್ತೆಯೊಳಕ್ಕೆ ಅರ್ಧ ಗಾಡಿ ಹೋದ ಮೇಲೆ ನಿಂತಿತು. ಬಲಗಡೆಯಿಂದ ಬರುತ್ತಿದ್ದ ಕಾರಿನವನು ನೋಡಿ ನಿಲ್ಲಿಸಿಕೊಂಡ, ಅಷ್ಟೇ. ಮಗಳು "ಅಪ್ಪಾ" ಅಂದಳು, ಮುಂದೆ ಏನೂ ಹೇಳಲಿಲ್ಲ. ಆ ದನಿ ಈಗಲೂ ಕಿವಿಯಲ್ಲಿದೆ.

ಮಾರನೇ ದಿನವೇ ಒಂದು ಅಂಗಡಿಗೆ ಒಯ್ದೆ. ಕಂಟ್ರೋಲರ್ ಹೋಗಿದೆ ಅಂದರು, ಹೊಸದು ಕೂರಿಸಿದರು. ಎರಡು ದಿನ ಸರಿ ಇತ್ತು. ಮೂರನೇ ದಿನ ಮತ್ತೆ ಅದೇ ಕತೆ: ಒಮ್ಮೆ ಬ್ರೇಕ್ ಹಿಡಿಯುತ್ತದೆ, ಒಮ್ಮೆ ಇಲ್ಲ. ಪೆಟ್ಟಿಗೆಯ ಪರದೆಯಲ್ಲಿ ಟ್ರೇಲರ್ ಇದೆ ಅಂತ ತೋರಿಸುತ್ತದೆ, ಗಾಡಿ ರಸ್ತೆಯ ಗುಂಡಿಗೆ ಬಿದ್ದರೆ ಇಲ್ಲ ಅನ್ನುತ್ತದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಟ್ರೇಲರ್‌ನ ಎಲ್ಲ ದೀಪಗಳೂ ಒಟ್ಟಿಗೆ ಮಂಕಾಗಿ ಮಿಣುಕುತ್ತವೆ. ಈ ಕೊನೆಯದು ದೊಡ್ಡ ಸುಳಿವಾಗಿತ್ತು. ನನಗೆ ಆಗ ಹೊಳೆಯಲಿಲ್ಲ.

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪೆಟ್ಟಿಗೆ ಬದಲಿಸುವ ಮೊದಲು ವೈರ್ ನೋಡದೇ ಇದ್ದದ್ದು ತಪ್ಪು ಅಂತ ಈಗಲೂ ಹೇಳುತ್ತೇನೆ. ಕಂಟ್ರೋಲರ್‌ಗಳು ಕೆಡುವುದು ಕಡಿಮೆ. ಕೆಡುವುದು ಅದರಿಂದ ಹಿಂದಕ್ಕೆ ಹೋಗುವ ಇಪ್ಪತ್ತು ಮೂವತ್ತು ಅಡಿ ವೈರು, ಜಾಯಿಂಟು, ಪಿನ್ನು. ಮಳೆ, ಕೆಸರು, ಧೂಳು ಎಲ್ಲ ತಿನ್ನುವುದು ಅವೇ ತಾನೇ.

ಆ ಶನಿವಾರ ನಾನೇ ಕೂತೆ. ಪೆಟ್ಟಿಗೆಯಿಂದ ಹೊರಡುವುದು ನಾಲ್ಕೇ ವೈರು. ಕಪ್ಪು ಬ್ಯಾಟರಿಯ ಪ್ಲಸ್‌ನಿಂದ ಬರುತ್ತದೆ. ಬಿಳಿ ಅರ್ತ್, ಬ್ಯಾಟರಿಯ ಮೈನಸ್‌ಗೆ. ಕೆಂಪು ಬ್ರೇಕ್ ಪೆಡಲ್ ಹತ್ತಿರದ ಸ್ವಿಚ್ಚಿಗೆ, ಪೆಡಲ್ ತುಳಿದಾಗ ಮಾತ್ರ ಅದರಲ್ಲಿ ಕರೆಂಟ್ ಬರಬೇಕು. ನೀಲಿ ಹಿಂದಕ್ಕೆ, ಟ್ರೇಲರ್‌ನ ಬ್ರೇಕಿಗೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಕಡೆ ಮನೆ ವೈರಿಂಗ್‌ನಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಊರಿನಲ್ಲಿ ವೈರಿಂಗ್ ಕಲಿತು ಬಂದವರು ಇಲ್ಲಿ ಅದೇ ಲೆಕ್ಕದಲ್ಲಿ ಕಪ್ಪನ್ನು ಅರ್ತ್‌ಗೆ ಹಚ್ಚಿದರೆ ಶಾರ್ಟ್ ಆಗುತ್ತದೆ. ಕೆಂಪನ್ನು ಸ್ವಿಚ್ಚಿನ ಯಾವಾಗಲೂ ಕರೆಂಟ್ ಇರುವ ಕಡೆಗೆ ಹಚ್ಚಿದರೂ ಅಪಾಯವೇ: ಪೆಡಲ್ ತುಳಿಯದಿದ್ದರೂ ಟ್ರೇಲರ್ ಬ್ರೇಕ್ ಹಿಡಿದೇ ಇರಬಹುದು, ಡ್ರಮ್ ಕಾದು ಹೊಗೆ ಬರಬಹುದು.

ನನ್ನ ನಾಲ್ಕೂ ವೈರು ಸರಿಯಾಗೇ ಇದ್ದವು. ಹಿಂದಕ್ಕೆ ಹೋಗಿ ಬಂಪರ್ ಕೆಳಗಿನ, ಟ್ರೇಲರ್ ವೈರಿನ ಪ್ಲಗ್ ಚುಚ್ಚುವ ಏಳು ಪಿನ್ನಿನ ಸಾಕೆಟ್ ತೆಗೆದೆ. ಹೆಂಡತಿ ಒಳಗೆ ಕೂತು ಕಂಟ್ರೋಲರ್‌ನ ಕೈಯಿಂದ ಸರಿಸುವ ಲಿವರ್ ಪೂರ್ತಿ ಒತ್ತಿ ಹಿಡಿದಳು. ಮೀಟರ್ ಹಚ್ಚಿದೆ, ನೀಲಿ ಪಿನ್ನಿಗೂ ಬಿಳಿ ಪಿನ್ನಿಗೂ ನಡುವೆ 12.3 ವೋಲ್ಟ್ ತೋರಿಸಿತು. ಎಲ್ಲ ಸರಿ ಇದೆ ಅಲ್ವಾ ಅಂದುಕೊಂಡೆ. ಇನ್ನು ಉಳಿದದ್ದು ಟ್ರೇಲರ್‌ನ ಅಯಸ್ಕಾಂತ, ನಾಲ್ಕನ್ನೂ ಬದಲಿಸೋಣ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ.

ಬೇಲಿಯಾಚೆಯಿಂದ ಪಕ್ಕದ ತೋಟದ ಅಜ್ಜ ಬಂದರು. ನಲವತ್ತು ವರ್ಷ ದನ ಸಾಗಿಸಿದವರು, ಈಗ ಎಪ್ಪತ್ತು ದಾಟಿದೆ. ಮೀಟರ್ ನೋಡಿ ತಲೆ ಅಲ್ಲಾಡಿಸಿದರು. ಅವರು ಹೇಳಿದ್ದರ ಸಾರ ಇಷ್ಟು: ಮೀಟರ್ ವೈರಿನಿಂದ ಏನನ್ನೂ ಕೇಳುವುದಿಲ್ಲ, ವೈರಿಗೆ ಕೆಲಸ ಕೊಟ್ಟು ನೋಡು. ಮನೆಗೆ ಹೋಗಿ ಹಳೇ ಹೆಡ್‌ಲೈಟ್ ಬಲ್ಬ್ ಒಂದನ್ನು ತಂದರು, 55 ವ್ಯಾಟಿನದು, ಎರಡು ವೈರ್ ಬೆಸುಗೆ ಹಾಕಿದ್ದು. ಅದನ್ನು ನೀಲಿ ಪಿನ್ನಿಗೂ ಬಿಳಿ ಪಿನ್ನಿಗೂ ಹಿಡಿದರು. ಮತ್ತೆ ಲಿವರ್ ಒತ್ತಿದಾಗ ಬಲ್ಬ್ ಕೆಂಡದ ಹಾಗೆ ಕೆಂಪಗೆ ಮಂಕಾಗಿ ಉರಿಯಿತು. ಅದೇ ಹೊತ್ತಿನಲ್ಲಿ ಮೀಟರ್ ಹಚ್ಚಿದರೆ ಐದು ವೋಲ್ಟೂ ಇಲ್ಲ. ಆಮೇಲೆ ಬಿಳಿ ಪಿನ್ನಿಗೆ ಹಿಡಿದಿದ್ದ ತುದಿಯನ್ನು ಬಿಡಿಸಿ, ಉದ್ದನೆಯ ಒಂದು ವೈರಿನಿಂದ ನೇರ ಬ್ಯಾಟರಿಯ ಮೈನಸ್‌ಗೆ ಮುಟ್ಟಿಸಿದರು. ಬಲ್ಬ್ ಕಣ್ಣು ಕುಕ್ಕುವ ಹಾಗೆ ಬೆಳಗಿತು.

ಅಲ್ಲಿಗೆ ಕಳ್ಳ ಸಿಕ್ಕಿದ. ಹೋಗುವ ದಾರಿ ಸರಿ ಇತ್ತು, ವಾಪಸ್ ಬರುವ ದಾರಿ ಕೆಟ್ಟಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಪತ್ರದ ಜೀವ ಇಲ್ಲೇ ಇದೆ. ಮೀಟರ್ ತಾನು ಎಳೆದುಕೊಳ್ಳುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಅಷ್ಟು ಕರೆಂಟು ಕೂದಲೆಳೆಯಷ್ಟು ತಾಮ್ರ ಉಳಿದಿದ್ದರೂ, ತುಕ್ಕಿನ ಮೂಲಕವೂ ದಾಟಿ ಬರುತ್ತದೆ. ಅದಕ್ಕೇ ಮೀಟರ್ 12 ತೋರಿಸುತ್ತದೆ. ಆದರೆ ಒಂದೊಂದು ಬ್ರೇಕಿನ ಅಯಸ್ಕಾಂತಕ್ಕೂ ಸುಮಾರು 3 ಆಂಪಿಯರ್ ಬೇಕು, ನಾಲ್ಕು ಚಕ್ರಕ್ಕೆ 12. ಅಷ್ಟು ಕರೆಂಟ್ ಹರಿಯಲು ಹೋದಾಗ ಆ ತುಕ್ಕು ಅಡ್ಡ ನಿಲ್ಲುತ್ತದೆ, ವೋಲ್ಟೇಜ್ ಎಲ್ಲ ಅಲ್ಲೇ ಖರ್ಚಾಗಿ ಹೋಗುತ್ತದೆ. ಕಾಲುವೆಯ ಬಾಯಲ್ಲಿ ಕಸ ಕಟ್ಟಿಕೊಂಡಾಗ ತೂಬಿನ ಹತ್ತಿರ ನೀರು ತುಂಬಿ ನಿಂತಂತೆ ಕಾಣುತ್ತದೆ, ಗದ್ದೆಗೆ ಮಾತ್ರ ಬರುವುದಿಲ್ಲ, ಹಾಗೆ. 55 ವ್ಯಾಟ್ ಬಲ್ಬ್ ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಅದಕ್ಕೇ ಅದರ ಮುಂದೆ ಸುಳ್ಳು ನಡೆಯುವುದಿಲ್ಲ. ಇನ್ನೊಂದು ಮಾತು. ಕೆಲವು ಹೊಸ ಟ್ರಕ್ಕುಗಳಲ್ಲಿ ಕಂಪನಿಯವರೇ ಕೂರಿಸಿ ಕೊಟ್ಟ ಕಂಟ್ರೋಲರ್ ಇರುತ್ತದೆ, ಅದು ನಿಜವಾದ ಟ್ರೇಲರ್ ಕಾಣದೆ ಕರೆಂಟ್ ಬಿಡದೇ ಇರಬಹುದು. ಅಂಥ ಗಾಡಿಯಲ್ಲಿ ಬಲ್ಬ್ ಉರಿಯಲಿಲ್ಲ ಅಂತ ಗಾಬರಿ ಆಗಬೇಡಿ, ಟ್ರೇಲರ್ ಕಟ್ಟಿಯೇ ಪರೀಕ್ಷೆ ಮಾಡಿ.

ಬಿಳಿ ವೈರನ್ನು ಹಿಡಿದುಕೊಂಡು ಹೋದೆವು. ಬಂಪರ್ ಒಳಗೆ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಒಂದು ಬೋಲ್ಟಿನಲ್ಲಿ ಬಿಗಿದಿದ್ದರು, ಬಣ್ಣದ ಮೇಲೇ. ಬೋಲ್ಟ್ ಬಿಚ್ಚಿದರೆ ರಿಂಗಿನ ಕೆಳಗೆ ತುಕ್ಕಿನ ಪುಡಿ, ವೈರಿನ ತುದಿಯಲ್ಲಿ ಹಸಿರು ಕಿಲುಬು. ಸರಿಯಾಗಿ ತೊಳೆಯದ ತಾಮ್ರದ ಚೊಂಬಿನ ಅಂಚಿನಲ್ಲಿ ಕಟ್ಟುತ್ತದಲ್ಲ, ಅದೇ ಬಣ್ಣ. ಉಗುರಿನಿಂದ ಕೆರೆದರೆ ಎಳೆಗಳು ಪುಡಿಯಾಗಿ ಉದುರಿದವು. ಇಪ್ಪತ್ತು ಎಳೆಯಲ್ಲಿ ಮೂರೋ ನಾಲ್ಕೋ ಉಳಿದಿದ್ದವು.

ಹಾಗಾದರೆ ಇಷ್ಟು ದಿನ ಆಗಾಗ ಬ್ರೇಕ್ ಹಿಡಿಯುತ್ತಿತ್ತಲ್ಲ, ಹೇಗೆ? ಟ್ರಕ್ಕಿನ ಹಿಂಬದಿಯಲ್ಲಿ ಟ್ರೇಲರ್ ಕೂರುವ, ಚೆಂಡಿನಂಥ ಕಬ್ಬಿಣದ ಗುಂಡಿನ ಮೂಲಕ. ಬಿಳಿ ವೈರ್ ಕೈ ಕೊಟ್ಟಾಗ ಕರೆಂಟು ಟ್ರೇಲರ್‌ನ ಕಬ್ಬಿಣದಿಂದ ಆ ಗುಂಡಿಗೆ, ಗುಂಡಿನಿಂದ ಟ್ರಕ್ಕಿನ ಚಾಸಿಗೆ ದಾಟಿಕೊಂಡು ವಾಪಸ್ ಹೋಗುತ್ತಿತ್ತು. ಗುಂಡಿಗೆ ಗ್ರೀಸ್ ಇದೆ, ಧೂಳಿದೆ, ಗಾಡಿ ಕುಲುಕಿದಂತೆ ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ನನ್ನ ಹೆಂಡತಿ ಮಗಳ ಜೀವ ಅಷ್ಟು ದಿನ ಆ ತಾಗು-ಬಿಡುವಿನ ಮೇಲೆ ನಿಂತಿತ್ತು. ಇಂಡಿಕೇಟರ್ ಹಾಕಿದಾಗ ಎಲ್ಲ ದೀಪ ಒಟ್ಟಿಗೆ ಮಿಣುಕಿದ್ದೂ ಇದಕ್ಕೇ. ವಾಪಸ್ ಹೋಗಲು ಸರಿಯಾದ ದಾರಿ ಇಲ್ಲದೆ ಒಂದು ದೀಪದ ಕರೆಂಟು ಇನ್ನೊಂದು ದೀಪದೊಳಗೆ ನುಗ್ಗಿ ದಾರಿ ಹುಡುಕುತ್ತಿತ್ತು. ಯಾವ ಗಾಡಿಯಲ್ಲೇ ಆಗಲಿ, ಒಂದು ದೀಪ ಹಾಕಿದರೆ ಬೇರೆ ದೀಪಗಳೂ ಮಂಕಾಗಿ ಉರಿದರೆ ಮೊದಲು ಅರ್ತ್ ಮೇಲೆ ಅನುಮಾನ ಪಡಿ.

ಕೆಟ್ಟ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಹೋಗಿ, ಹೊಸ ದಪ್ಪ ವೈರ್ ಹಾಕಿ, ಅದನ್ನು ಚಾಸಿಗೆ ಬಿಗಿಯುವ ಬದಲು ನೇರ ಬ್ಯಾಟರಿಯ ಮೈನಸ್‌ವರೆಗೆ ಎಳೆದೆ. ಬಲ್ಬ್ ಈಗ ಸಾಕೆಟ್ಟಿನಲ್ಲೇ ಬೆಳ್ಳಗೆ ಉರಿಯಿತು. ಟ್ರೇಲರ್ ಕಟ್ಟಿ ನೀಲಿ ವೈರಿಗೆ ಕ್ಲ್ಯಾಂಪ್ ಮೀಟರ್, ಅಂದರೆ ವೈರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್, ಹಾಕಿದೆ. 12 ಆಂಪಿಯರ್ ಬರಬೇಕಿತ್ತು, 9 ಬಂತು. ಅಂದರೆ ನಾಲ್ಕರಲ್ಲಿ ಒಂದು ಚಕ್ರ ಇನ್ನೂ ಕೆಲಸಕ್ಕೆ ಬಂದಿಲ್ಲ.

ಯಾವ ಚಕ್ರ? ಡ್ರಮ್ ಬಿಚ್ಚದೆ ಕಂಡುಹಿಡಿಯುವ ಉಪಾಯವನ್ನೂ ಅಜ್ಜ ಹೇಳಿಕೊಟ್ಟರು. ಮಗಳ ಶಾಲೆಯ ಚೀಲದಲ್ಲಿದ್ದ ದಿಕ್ಸೂಚಿ ತರಿಸಿದರು. ಅವಳು ಒಂದೊಂದೇ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ದಿಕ್ಸೂಚಿಯನ್ನು ಡ್ರಮ್ಮಿಗೆ ಹಿಡಿದಳು. ಹೆಂಡತಿ ಲಿವರ್ ಒತ್ತಿದಾಗ ಮುಳ್ಳು ಸರ್ರನೆ ತಿರುಗಿತು, ಬಿಟ್ಟಾಗ ವಾಪಸ್ ಬಂತು. ಮೂರು ಚಕ್ರದಲ್ಲೂ ಹಾಗೇ. ನಾಲ್ಕನೆಯದರಲ್ಲಿ, ಬಲಗಡೆ ಹಿಂದಿನದು, ಮುಳ್ಳು ಅಲ್ಲಾಡಲೇ ಇಲ್ಲ. "ಅಪ್ಪಾ, ಇದು ಸತ್ತಿದೆ" ಅಂದಳು. ಆ ಚಕ್ರಕ್ಕೆ ಹೋಗುವ ವೈರು ಟೊಳ್ಳು ಆಕ್ಸಲ್ ಒಳಗೆ ತೂರಿ ಆಚೆ ಹೋಗುತ್ತದೆ. ಒಳಗೆ ಬಿಗಿಯಾಗಿರುವುದಿಲ್ಲ, ಗಾಡಿ ಕುಲುಕಿದಷ್ಟೂ ಕಬ್ಬಿಣಕ್ಕೆ ಉಜ್ಜುತ್ತದೆ. ಎಳೆದು ತೆಗೆದರೆ ಒಂದು ಕಡೆ ಸಿಪ್ಪೆ ಪೂರ್ತಿ ಸವೆದು, ತಾಮ್ರ ತುಂಡಾಗಿತ್ತು. ಅದನ್ನು ಆಕ್ಸಲ್ ಹೊರಗಿನಿಂದ, ಪೈಪಿನೊಳಗೆ ಹಾಕಿ ಎಳೆದು ಕಟ್ಟಿದೆ. ಮೀಟರ್ 12ಕ್ಕೆ ಬಂತು.

ಟ್ರೇಲರ್ ಬಿಚ್ಚಿಕೊಂಡು ಹೋದರೆ ತಾನೇ ಬ್ರೇಕ್ ಹಿಡಿಯಲು ಅದರ ಮೂಗಿನ ಹತ್ತಿರ ಒಂದು ಸಣ್ಣ ಬ್ಯಾಟರಿ, ಒಂದು ಪಿನ್ ಎಳೆಯುವ ಸ್ವಿಚ್ ಇರುತ್ತದೆ. ಅದನ್ನೂ ಅವತ್ತೇ ನೋಡಿದೆ. ಅದನ್ನು ಪರೀಕ್ಷಿಸುವಾಗ ಟ್ರಕ್ಕಿನ ಪ್ಲಗ್ ಕಡ್ಡಾಯವಾಗಿ ತೆಗೆದಿರಬೇಕು, ಇಲ್ಲದಿದ್ದರೆ ಆ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿದು ಕಂಟ್ರೋಲರ್ ಸುಡಬಹುದು.

ಈಗ ನಮ್ಮೂರಿಗೆ ಬರುತ್ತೇನೆ. ನಿಮ್ಮ ಸುದ್ದಿ ಓದಿದ ದಿನವೇ ತಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಕಬ್ಬು ಬೆಳೆಯುತ್ತಾನೆ, ಟ್ರ್ಯಾಕ್ಟರ್ ಇದೆ, ಟ್ರಾಲಿ ಇದೆ. ಹಿಂಬದಿ ದೀಪ ಉರಿಯುತ್ತದಾ ಅಂತ ಕೇಳಿದೆ. "ಅಣ್ಣ, ಈ ಸೀಸನ್ನಲ್ಲೇ ನಾಲ್ಕು ಬಲ್ಬ್ ಹಾಕ್ಸಿದೀನಿ, ಒಂದು ವಾರ ಉರಿಯುತ್ತೆ, ಆಮೇಲೆ ಅದರ ಇಷ್ಟ" ಅಂದ. ಹೋದ ಅನ್ನುವ ಬಲ್ಬನ್ನು ಬಿಚ್ಚಿ ನೇರ ಬ್ಯಾಟರಿಗೆ ಹಿಡಿ ಅಂದೆ. ಹಿಡಿದ. ಉರಿಯಿತು. ನಾಲ್ಕರಲ್ಲಿ ಮೂರು ಉರಿದವು! ಸುಮ್ನೆ ದುಡ್ಡು ಹಾಕಿದ್ದ.

ಟ್ರಾಲಿಯ ಕೆಳಗೆ ಮೊಬೈಲ್ ಹಿಡಿದು ತೋರಿಸು ಅಂದೆ. ಟ್ರ್ಯಾಕ್ಟರ್‌ನಿಂದ ದೀಪಕ್ಕೆ ವೈರ್ ಬಂದಿದೆ, ವಾಪಸ್ ಹೋಗುವ ವೈರೇ ಇಲ್ಲ. ಅರ್ತ್ ಅಂತ ದೀಪದ ಹತ್ತಿರ ಟ್ರಾಲಿಯ ಕಬ್ಬಿಣಕ್ಕೆ ಒಂದು ತುಂಡು ಸುತ್ತಿದ್ದಾರೆ, ಅಷ್ಟೇ. ಆ ಕರೆಂಟು ಟ್ರಾಲಿಯ ಕಬ್ಬಿಣದಿಂದ ಕೊಕ್ಕೆಯ ಪಿನ್ನಿಗೆ, ಪಿನ್ನಿನಿಂದ ಟ್ರ್ಯಾಕ್ಟರಿಗೆ ಹೋಗಬೇಕು. ನನ್ನ ಟ್ರಕ್ಕಿನ ಗುಂಡಿನ ಕತೆಯೇ. ಪಿನ್ನಿನಲ್ಲಿ ಮಣ್ಣು, ಗ್ರೀಸು, ತುಕ್ಕು. ಲೋಡ್ ತುಂಬಿ ಎಳೆಯುವಾಗ ಬಿಗಿಯಾಗಿ ತಾಗಿದರೆ ದೀಪ ಉರಿಯುತ್ತದೆ, ಗೇಟಿನ ಮುಂದೆ ಸಾಲಿನಲ್ಲಿ ನಿಂತಾಗ ಸಡಿಲವಾದರೆ ಆರುತ್ತದೆ. ಹಿಂದೆ ಬರುವ ಬೈಕಿನವನಿಗೆ ಕಬ್ಬಿನ ತುದಿ ಕಾಣುವುದು ಅದು ಎದೆಗೆ ಬಂದ ಮೇಲೆಯೇ.

ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಹಿಂದೆ ಏಳು ಪಿನ್ನಿನ ದುಂಡು ಸಾಕೆಟ್ ಬಂದೇ ಇರುತ್ತದೆ, ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ತಮ್ಮನ ಸಾಕೆಟ್ಟಿನೊಳಗೆ ಕಡಜ ಗೂಡು ಕಟ್ಟಿತ್ತು. ಇಲ್ಲಿನ ಸಾಕೆಟ್ಟಿಗೂ ಅದಕ್ಕೂ ಬಣ್ಣದ ಲೆಕ್ಕ ಒಂದೇ ಅಲ್ಲ, ಇಲ್ಲಿ ನೀಲಿ ಬ್ರೇಕು, ಅಲ್ಲಿ ಹಾಗಲ್ಲ. ಆದರೆ ಬಿಳಿ ಎರಡೂ ಕಡೆ ಅರ್ತ್. ಹಾಗಂತ ಬಣ್ಣವನ್ನೇ ನಂಬಬೇಡಿ, ಊರಿನಲ್ಲಿ ಕೈಗೆ ಸಿಕ್ಕ ವೈರ್ ಹಾಕಿರುತ್ತಾರೆ, ಬಲ್ಬ್ ಹಿಡಿದು ಖಾತ್ರಿ ಮಾಡಿಕೊಳ್ಳಿ. ದೀಪದಿಂದ ಒಂದು ಅರ್ತ್ ವೈರನ್ನು ಟ್ರಾಲಿಯುದ್ದಕ್ಕೂ ತಂದು, ಪ್ಲಗ್ ಮೂಲಕ ಟ್ರ್ಯಾಕ್ಟರ್ ಬ್ಯಾಟರಿಯ ಮೈನಸ್‌ಗೆ ಸೇರಿಸಬೇಕು. ಬೋಲ್ಟ್ ಬಿಗಿಯುವ ಜಾಗದಲ್ಲಿ ಬಣ್ಣವನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಬಿಗಿದು, ಮೇಲೆ ಗ್ರೀಸ್ ಬಳಿಯಬೇಕು. ಒಂದು ಮಧ್ಯಾಹ್ನದ ಕೆಲಸ.

ಬ್ರೇಕಿನ ಮಾತು ಬೇರೆ, ಅದು ಒಂದು ಮಧ್ಯಾಹ್ನದಲ್ಲಿ ಮುಗಿಯುವುದಲ್ಲ. ನಾನು ಊರಿನಲ್ಲಿ ಕಂಡ ಟ್ರಾಲಿಗಳಿಗೆ ತಮ್ಮದೇ ಬ್ರೇಕ್ ಇರಲಿಲ್ಲ, ಎಲ್ಲವನ್ನೂ ಟ್ರ್ಯಾಕ್ಟರೇ ಹಿಡಿಯಬೇಕು. ಬೆಳಗಾವಿ, ಬಾಗಲಕೋಟೆ ಕಡೆ ಒಂದರ ಹಿಂದೆ ಒಂದು ಎರಡು ಟ್ರಾಲಿ ಕಟ್ಟಿಕೊಂಡು ಹೋಗುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಆ ಸಿಗ್ನಲ್ ನೆನಪಾಗುತ್ತದೆ. ಕನಿಷ್ಠ ಟ್ರ್ಯಾಕ್ಟರ್‌ನ ಎಡ-ಬಲ ಎರಡು ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಇಳಿಯುವ ಮೊದಲು ಒಟ್ಟಿಗೆ ಲಾಕ್ ಮಾಡಿ. ಉಳುವಾಗ ಬಿಡಿಸಿದ್ದನ್ನು ಮರೆತು ಹಾಗೇ ರಸ್ತೆಗೆ ಬಂದು, ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಒಂದೇ ಕಡೆಗೆ ತಿರುಗಿ ಮಗುಚಬಹುದು.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕೃಷಿ ಪುಟದಲ್ಲಿ ಬೀಜ, ಗೊಬ್ಬರದ ಮಾಹಿತಿ ಚೆನ್ನಾಗಿ ಬರುತ್ತದೆ. ಅದೇ ಪುಟದಲ್ಲಿ ಒಂದು ದಿನ ಟ್ರ್ಯಾಕ್ಟರ್‌ನ ಆ ಏಳು ಪಿನ್ನಿನ ಸಾಕೆಟ್ಟಿನ ಚಿತ್ರವನ್ನು ದೊಡ್ಡದಾಗಿ ಹಾಕಿ. ಯಾವ ಪಿನ್ ಯಾವುದಕ್ಕೆ, ಅರ್ತ್ ಎಲ್ಲಿಗೆ ಹೋಗಬೇಕು ಅಂತ ಕನ್ನಡದಲ್ಲಿ ಬರೆದು, ಕತ್ತರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿಕೊಳ್ಳುವ ಹಾಗೆ. ನಮ್ಮ ಊರಿನ ಎಲೆಕ್ಟ್ರಿಷಿಯನ್ ಹುಡುಗರು ಚುರುಕು, ಒಮ್ಮೆ ತೋರಿಸಿದರೆ ಸಾಕು. ಅವರ ಭಾಷೆಯಲ್ಲಿ ತೋರಿಸಿದವರು ಇಲ್ಲ, ಅಷ್ಟೇ.

ತಮ್ಮ ಮೊನ್ನೆ ಫೋಟೋ ಕಳಿಸಿದ್ದ. ಕತ್ತಲಲ್ಲಿ, ಫ್ಯಾಕ್ಟರಿ ಗೇಟಿನ ಮುಂದಿನ ಸಾಲಿನಲ್ಲಿ ನಿಂತ ಟ್ರಾಲಿ. ಕಬ್ಬಿನ ಹೊರೆಯ ಕೆಳಗೆ ಎರಡು ಕೆಂಪು ದೀಪ, ಎರಡೂ ಉರಿಯುತ್ತಿವೆ. ಹಳೇ ಬಲ್ಬೇ ಹಾಕಿದ್ದಾನಂತೆ. ಪಕ್ಕದ ಟ್ರಾಲಿಯವರು ಬಂದು ನಮ್ಮದನ್ನೂ ನೋಡಿಕೊಡು ಅಂತ ಕೇಳಿದರಂತೆ, ಈ ಭಾನುವಾರ ಮೂರು ಟ್ರಾಲಿಗೆ ವೈರ್ ಎಳೆಯುತ್ತಾನೆ.

ಇಂತಿ,
ಟೆಕ್ಸಾಸ್‌ನಲ್ಲಿರುವ ನಿಮ್ಮ ಮದ್ದೂರಿನ ಓದುಗ